ಹದಿನೇಳನೇ ಚಿತ್ರಕ್ಕೆ ತಲೆ ಇಲ್ಲ

ಹದಿನೇಳನೇ ಚಿತ್ರ ಬರೆದವನು ಗಂಡಸು ಎಂಬುದು ಹತ್ತೇ ನಿಮಿಷದಲ್ಲಿ ಇತ್ಯರ್ಥವಾಯಿತು.

ಲಕೋಟೆ ಒಡೆಯುವ ಅಗತ್ಯವೇ ಬೀಳಲಿಲ್ಲ. ಕಲಾವಿದರ ಹೆಸರು ಲಕೋಟೆಯೊಳಗೆ, ಚಿತ್ರದ ಮೇಲೆ ಬರೀ ಸಂಖ್ಯೆ. ಬಂಧುಬಳಗದ ಹಂಗು ಬೇಡವೆಂದು ಆಯ್ಕೆ ಸಮಿತಿಯ ಅಧ್ಯಕ್ಷೆಯೇ ಮಾಡಿದ ನಿಯಮ. ಪ್ರದರ್ಶನ ಹೆಂಗಸರು ತಮ್ಮನ್ನು ತಾವೇ ಬರೆದುಕೊಂಡ ಚಿತ್ರಗಳಿಗೆ ಮಾತ್ರ. ಕಳೆದ ವರ್ಷ ಇಬ್ಬರು ಗಂಡಸರು ಹೆಂಡತಿಯರ ಹೆಸರಲ್ಲಿ ನುಸುಳಿ ಬಹುಮಾನವನ್ನೂ ಹೊತ್ತುಕೊಂಡು ಹೋಗಿದ್ದರಿಂದ ಈ ಸಲ ಸಮಿತಿ ಮೈಯೆಲ್ಲ ಕಣ್ಣಾಗಿ ಕೂತಿತ್ತು. ಖಾಲಿ ಉಳಿದಿದ್ದು ಒಂದೇ ಗೋಡೆ.

ಸಮಿತಿಯ ಮೂವರೂ ಸೇರಿ ಹೆಣ್ಣಿನ ದೇಹದ ಬಗ್ಗೆ ಹನ್ನೊಂದು ಪುಸ್ತಕ ಬರೆದಿದ್ದರು. ಅವರಲ್ಲಿ ಇಬ್ಬರು, ಒಬ್ಬ ವಿಮರ್ಶಕರು ಮತ್ತು ಒಬ್ಬ ಶಿಲ್ಪಿ, ಗಂಡಸರು.

ಚಿತ್ರದಲ್ಲಿ ಮಲಗಿದ ಬಸುರಿ. ಕ್ಯಾನ್ವಾಸಿನ ಬುಡದಲ್ಲಿ ಎದೆ, ನಡುವೆ ಗುಡ್ಡದಂಥ ಹೊಟ್ಟೆ, ಗುಡ್ಡದಾಚೆ ಸಾಸಿವೆಯಷ್ಟು ಕಾಲ್ಬೆರಳು. ಹೊಟ್ಟೆಯ ಮೇಲೆ ಎಡಗೈ. ಬಲಗೈ ಇಲ್ಲ. ತಲೆಯೂ ಇಲ್ಲ. ಬಲ ಅಂಚಿನಲ್ಲಿ ಮಬ್ಬಾದ ಒಂದು ಕಂದು ನೆರಳು.

“ತಲೆ ತೆಗೆದಿದ್ದಾನೆ, ಯೋಚನೆ ಮಾಡದ ಹಾಗೆ,” ಎಂದರು ವಿಮರ್ಶಕರು.

“ಕೈ ಕತ್ತರಿಸಿದ್ದಾನೆ, ದುಡಿಯದ ಹಾಗೆ,” ಎಂದು ಶಿಲ್ಪಿ ಸೇರಿಸಿದರು.

ಕಾಲು ಮರೆಮಾಡಿದ್ದು ಓಡಿಹೋಗದಿರಲಿ ಅಂತ. ಅಂಚಿನ ನೆರಳು? ಕಾವಲು ನಿಂತ ಗಂಡ. ಎತ್ತು ಈಯಿತು ಎಂದು ಒಬ್ಬರು ಅಂದರೆ ಇನ್ನೊಬ್ಬರು ಕರುವನ್ನು ಕೊಟ್ಟಿಗೆಗೆ ಕಟ್ಟುತ್ತಿದ್ದರು.

ಅಧ್ಯಕ್ಷೆ ಮಾತ್ರ ದುಡುಕಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಅವರು ಹೇಳಿಕೊಟ್ಟಿದ್ದು ಒಂದೇ ಪಾಠ: ಒಂದು ಕಣ್ಣು ಮುಚ್ಚು, ಕಂಡದ್ದನ್ನಷ್ಟೇ ಬರಿ. ಈಗಲೂ ಒಂದು ಕಣ್ಣು ಮುಚ್ಚಿ ಚಿತ್ರವನ್ನು ಅಳೆದರು. ಯಾವ ಹೆಂಗಸಿಗೂ ತನ್ನ ಮೈ ಹೀಗೆ ಕಾಣುವುದು ಸಾಧ್ಯವಿಲ್ಲ ಎಂದು ಷರಾ ಬರೆದು ಸಹಿ ಹಾಕಿದರು. ಕೊನೆಯ ಗೋಡೆ ಕನ್ನಡಿಯ ಮುಂದೆ ನಗುವ ತರುಣಿಯೊಬ್ಬಳ ಚಿತ್ರದ ಪಾಲಾಯಿತು. ಹದಿನೇಳನ್ನು ಕಾಗದದಲ್ಲಿ ಸುತ್ತಿ ವಾಪಸ್ ಹೋಗುವ ರಾಶಿಗೆ ಸೇರಿಸಿಯೂ ಆಯಿತು.

ಊಟದ ಬಿಡುವಿನಲ್ಲಿ ಮಗಳ ಫೋನ್ ಬಂತು. ಅವಳಿಗೆ ಎಂಟನೇ ತಿಂಗಳು; ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರ ಕಟ್ಟಪ್ಪಣೆ. ಮಾತ್ರೆ ತಗೊಂಡೆಯಾ ಎಂದು ಇವರು ಕೇಳುವ ಮೊದಲೇ, ಕೊನೆಯ ಗೋಡೆ ಯಾರಿಗೆ ಸಿಕ್ಕಿತು ಎಂದು ಅವಳು ಕೇಳಿದಳು.

“ಯಾರಿಗಾದರೂ ಸಿಗಲಿ, ಒಬ್ಬ ಗಂಡಸಿನ ಕೈಗೆ ಬೀಳದ ಹಾಗೆ ಉಳಿಸಿದೆ,” ಎಂದರು ಅಧ್ಯಕ್ಷೆ, ಹೆಮ್ಮೆಯಿಂದಲೇ. “ಹದಿನೇಳನೇ ನಂಬರಿನವನು. ಬಸುರಿಯ ತಲೆಯನ್ನೇ ಹಾರಿಸಿಬಿಟ್ಟಿದ್ದ ಕಣೆ. ಬಲಗೈಯೂ ಇಲ್ಲ.”



“ಬಲಗೈಲಿ ಕುಂಚ ಇತ್ತಮ್ಮ,” ಎಂದಳು ಮಗಳು. “ತಲೆ ಎಲ್ಲಿ ಅಂತೀಯಲ್ಲ, ಒಂದು ಕಣ್ಣು ಮುಚ್ಚಿ, ಬಗ್ಗಿ ನಿನ್ನನ್ನೇ ನೋಡ್ಕೋ.”

ಅಧ್ಯಕ್ಷೆ ಬಲಗಣ್ಣು ಮುಚ್ಚಿ ನೋಡಿಕೊಂಡರು. ಎದೆ, ಹೊಟ್ಟೆ, ದೂರದಲ್ಲಿ ಕಾಲ್ಬೆರಳು. ಬಲಗೈ ಕಾಣಲಿಲ್ಲ, ಅದು ಫೋನ್ ಹಿಡಿದಿತ್ತು.

ಬಲ ಅಂಚಿನಲ್ಲಿ, ಮಬ್ಬಾಗಿ, ಕಂದಾಗಿ, ಕಾವಲು ನಿಂತಿತ್ತು ಅವರದೇ ಮೂಗು.