ನೀರು ಚಿಮುಕಿಸಿದ ಮರಳು

ಸೌದಿಯ ಯಾನ್ಬುವಿನ ನಮ್ಮ ಅಂಗಳದ ಬಿಸಿ ಮರಳಿಗೆ ಈಗಷ್ಟೇ ನೀರು ಚಿಮುಕಿಸಿದೆ. ಆ ವಾಸನೆಗೇ ಫೋನ್ ಹಿಡಿದು ಫೇಸ್‌ಬುಕ್ಕಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ನಾವು ದಹ್ರಾನಿನ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿದ್ದೆವು. ಅಪ್ಪ ಅಲ್ಲಿ ಡ್ರೈವರ್. ಒಂದು ಕಾಲದಲ್ಲಿ ಎಣ್ಣೆ ಹುಡುಕುವವರಿಗೆ ಮರುಭೂಮಿಯಲ್ಲಿ ದಾರಿ ತೋರಿಸುತ್ತಿದ್ದ ಅರಬ್ ಅಜ್ಜ ಒಬ್ಬರು ಶುಕ್ರವಾರ ಸಂಜೆ ಅಲ್ಲಿ ಆಟ ತೋರಿಸುತ್ತಿದ್ದರು. ಒದ್ದೆ ಮರಳನ್ನು ಕೈಯಲ್ಲೇ ಸವರಿ, ಬೆನ್ನು ತಿರುಗಿಸಿ ಕೂರುವರು. ಅದರ ಮೇಲೆ ಯಾರಾದರೂ ನಡೆದರೆ, ಆಮೇಲೆ ಹೆಜ್ಜೆ ನೋಡಿ ಅದು ಯಾರದೆಂದು ಹೇಳುವರು.

ಒಂದು ಶುಕ್ರವಾರ ಮೊದಲೆರಡು ಸಲ ತಪ್ಪಿದರು. "ಅಜ್ಜನ ಕಣ್ಣು ಹೋಯ್ತು ಮಾರಾಯ, ಇನ್ನು ಆಟ ಬಂದ್," ಎಂದರು ಪಕ್ಕದ ಮನೆಯ ಅಂಕಲ್.

ಮೂರನೆಯ ಸಲ ನಾನು ನಡೆದೆ. ಅಜ್ಜ ಬಗ್ಗಿ ತುಂಬ ಹೊತ್ತು ನೋಡಿದರು. ಕೊನೆಗೆ ಬೆರಳಿಂದ ಗುರುತನ್ನು ತಡವಿ ನಕ್ಕರು. "ಚಪ್ಪಲಿ ಬಿಟ್ಟು ಬರುವವಳು ಡ್ರೈವರನ ಮಗಳೊಬ್ಬಳೇ!"

ಚಪ್ಪಾಳೆಯ ನಡುವೆ ಅಮ್ಮ ಗದರಿದರು. "ಎಂತ ಮಾರಾಯ್ತಿ, ಚಪ್ಪಲ್ ಎಲ್ಲಿ?"

"ಅಜ್ಜ ಕೈಯಲ್ಲಿ ಸವರಿದ ಜಾಗ ಅಲ್ವಾ ಅಮ್ಮ? ಚಪ್ಪಲ್ ಮೆಟ್ಟಿಕೊಂಡು ಹೋಗ್ಲಿಕ್ಕೆ ಆಗ್ತದಾ?"

ಮುಂದಿನ ಶುಕ್ರವಾರ ನಮ್ಮ ಸಾಲಿನ ಮನೆಗಳ ಮಕ್ಕಳ ಚಪ್ಪಲಿಗಳೆಲ್ಲ ಮರಳಿನ ಅಂಚಿನಲ್ಲಿ ಬಿದ್ದಿದ್ದವು. ಬರಿಗಾಲಿನ ಗುರುತುಗಳನ್ನು ಬೆರಳಿಂದ ತಡವಿದ ಅಜ್ಜ ಒಂದು ಸಲವೂ ತಪ್ಪಲಿಲ್ಲ.