ಗೂಡಿನಲ್ಲಿ ಸಿಕ್ಕ ಕಡ್ಡಿ

ಹಳೆಯ ಬತ್ತಿಯ ಉರಿಯನ್ನು ಹೊಸ ಬತ್ತಿಗೆ ತಾಗಿಸಿದಳು. ಅದು ಹತ್ತಿಕೊಂಡ ಮೇಲೆ ಹಳೆಯದನ್ನು ಎಣ್ಣೆಯಲ್ಲಿ ಅದ್ದಿ ತೆಗೆದಳು. ಬೆಳಗಿನ ಈ ಕೆಲಸದಲ್ಲಿ ಮಾತಿಲ್ಲ. ಮುಗಿಯುವತನಕ ಉಸಿರನ್ನೂ ಬಿಗಿಹಿಡಿದಿರುತ್ತಾಳೆ. ಗೂಡಿನ ಪಕ್ಕದ ಗೋಡೆಯ ಮೇಲೆ ಅಂಗೈಯಗಲದ ಕರೆ ಮತ್ತೆ ಮೂಡಿತ್ತು. ಅದನ್ನು ಉಜ್ಜಿದಳು. ದೀಪದ ಹಿಂದೆ ಬಟ್ಟೆ ಆಡಿಸಿದಾಗ ಬೆರಳಿಗೆ ಏನೋ ಚುಚ್ಚಿತು.

ಸುಟ್ಟ ಬೆಂಕಿಕಡ್ಡಿ.

ಗಂಡ ಕುಸಿದುಬಿದ್ದ ಸಂಜೆ ಹಚ್ಚಿದ ದೀಪ ಇದು. ಅಂದಿನಿಂದ ಉರಿಯಿಂದ ಉರಿಗೆ ದಾಟಿಸುತ್ತ ಬಂದಿದ್ದಳೇ ಹೊರತು ಮತ್ತೆ ಕಡ್ಡಿ ಗೀರಿರಲಿಲ್ಲ. ಈ ದೀಪ ಇರುವತನಕ ಅವನ ಜೀವಕ್ಕೆ ಭಯವಿಲ್ಲ. ದೇವರೊಂದಿಗೆ ಅವಳಾಗಿಯೇ ಮಾಡಿಕೊಂಡ ಒಪ್ಪಂದ. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು: "ಬಲಗಡೆ ಬಿದ್ದುಹೋಗಿದೆ. ಇನ್ನೊಂದು ಸಲ ಹೀಗಾದ್ರೆ ನಮ್ಮ ಕೈಲಿ ಏನೂ ಇಲ್ಲಮ್ಮ." ಅವರ ಕೈಲಿಲ್ಲದ್ದನ್ನು ಅವಳು ಈ ಗೂಡಿನಲ್ಲಿಟ್ಟು ಕಾಯುತ್ತಿದ್ದಳು.

ಕಡ್ಡಿ ಇದೆ ಎಂದರೆ ದೀಪ ಆರಿತ್ತು. ಯಾರೋ ಮತ್ತೆ ಹಚ್ಚಿ, ಏನೂ ಆಗದವರಂತೆ ಬಾಯಿ ಮುಚ್ಚಿಕೊಂಡಿದ್ದಾರೆ.

ಮನೆಯಲ್ಲಿರುವುದು ಮೂವರು. ಒಬ್ಬ ಮಂಚ ಬಿಟ್ಟು ಏಳಲಾರ. ಒಬ್ಬಳು ತಾನು, ಹೊಲಿಗೆ ಅಂಗಡಿಗೆ ಗುಂಡಿ ಹಚ್ಚಲು ಹೋಗುವವಳು. ಉಳಿದವಳು ನಾದಿನಿ, ಅಣ್ಣನನ್ನು ನೋಡಿಕೊಳ್ಳಲೆಂದು ಬಂದು ನಿಂತವಳು. ಬಿಳಿಕೂದಲು ಇಣುಕಿದ್ದರೂ ಎಲ್ಲರ ಬಾಯಲ್ಲಿ ಇನ್ನೂ ಪುಟ್ಟಿ. ಎಲುಬಿಲ್ಲದ ನಾಲಿಗೆ. ದೇವರಿಗೆ ಕೈ ಮುಗಿದದ್ದನ್ನು ಕಂಡವರಿಲ್ಲ.

"ಪುಟ್ಟೀ, ದೀಪ ದೊಡ್ಡದು ಮಾಡಿದ್ದು ಯಾರು?" ಸಿಟ್ಟಿನಲ್ಲೂ 'ಆರಿಸಿದ್ದು' ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಪಾತ್ರೆ ತೊಳೆಯುತ್ತಿದ್ದ ನಾದಿನಿ ತಿರುಗಲಿಲ್ಲ. "ಗಾಳಿ ಬಂದಿರಬೇಕು."

"ಕಿಟಕಿ ಮುಚ್ಚಿದೆ."

"ಅಯ್ಯೋ ಅತ್ತಿಗೆ, ಕಡ್ಡೀನ ಗುಡ್ಡ ಮಾಡ್ಬೇಡಿ. ಈಗ ಉರೀತಿದೆ ತಾನೆ?"

ಅವಳು ಮಂಚದ ಕಡೆ ನೋಡಿದಳು. ಗಂಡ ಮುಖ ಆಚೆ ಹೊರಳಿಸಿಕೊಂಡ.

ಅವನ ಮೈ ಒರೆಸುವಾಗ ಇನ್ನೊಂದು ಕಂಡಿತು. ಮಂಡಿಯ ಮೇಲೆ ಕಂದುಗಟ್ಟಿದ ಪೆಟ್ಟು.

"ಇದೇನ್ರೀ?"

"ಏ... ಏನಿಲ್ಲ."

ಮಲಗಿದಲ್ಲೇ ಮಲಗಿರುವವನ ಮಂಡಿ ಎಲ್ಲಿಗೆ ತಾಗೀತು? ಮೊದಮೊದಲು ಒಮ್ಮೆ ಅವನು ತಾನಾಗಿ ಏಳಲು ಹೋಗಿ ಮುಗ್ಗರಿಸಿದ್ದ. ಅಂದೇ ಅವಳು ಅವನ ಕೈಯನ್ನು ತನ್ನ ತಲೆಯ ಮೇಲಿರಿಸಿಕೊಂಡು ಆಣೆ ಮಾಡಿಸಿದ್ದಳು, ಇನ್ನು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು. ದೀಪವನ್ನು ಹೇಗೋ, ಅವನನ್ನೂ ಹಾಗೆಯೇ ಕಾದಿದ್ದಳು, ಗಾಳಿ ಸೋಕದಂತೆ, ಅಲುಗದಂತೆ.

ಕೆಲಸಕ್ಕೆ ಹೊರಟಾಗ ಪಕ್ಕದ ಮನೆಯ ಅಜ್ಜಿ ತಡೆದಳು.

"ಏನಮ್ಮ ನಿನ್ನ ನಾದಿನಿ, ನೀನು ಆ ಕಡೆ ಹೋದ್ರೆ ಸಾಕು, ಆ ಪಾಪದವನ ಮೇಲೆ ಹಾಗೆ ಹಾರಾಡ್ತಾಳೆ? 'ಬಿದ್ರೆ ಬೀಳು, ನಾನಂತೂ ಹಿಡ್ಕೊಳ್ಳಲ್ಲ' ಅಂತ ನಿನ್ನೆ ಕೂಗ್ತಿದ್ಳು. ಗೋಡೆಗೂ ಕಿವಿ ಇರುತ್ತೆ ಅಂತ ಗೊತ್ತಿಲ್ವಾ ಅವಳಿಗೆ?"

ಗೋಡೆಗಿಂತ ಅಜ್ಜಿಯ ಕಿವಿ ಚುರುಕು ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ಅಂಗಡಿಯಲ್ಲಿ ಸೂಜಿ ಎರಡು ಸಲ ಬೆರಳಿಗೆ ಇಳಿಯಿತು. ಟೈಲರು ಅಂಗಿಯನ್ನು ಎತ್ತಿ ಹಿಡಿದ. "ಎದೆಗೆ ಹಚ್ಚೋ ಗುಂಡೀನ ಬೆನ್ನಿಗೆ ಹಚ್ಚಿದ್ದೀಯಲ್ಲಮ್ಮ! ಹಾಕ್ಕೊಳ್ಳೋನು ಹಿಂದೆ ಮುಂದಾಗಿ ನಡೀಬೇಕಾ? ಹೋಗು, ಮನೆಗೆ ಹೋಗಿ ಸುಧಾರಿಸ್ಕೋ."

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬಂದಳು. ಬಟ್ಟೆ ಕಟ್ಟು, ಹೊರಡು. ಇವತ್ತೇ. ಕಣ್ಣಾರೆ ಕಂಡೇ ಹಿಡಿಯಬೇಕೆಂದು ಹಿತ್ತಿಲ ಬಾಗಿಲಿನಿಂದ ಬಂದು ಅಡುಗೆಮನೆಯ ಪರದೆಯ ಮರೆಗೆ ನಿಂತಳು. ಅಲ್ಲಿಂದ ಮಂಚ ಕಾಣದು. ಗೂಡು ಕಾಣುತ್ತದೆ. ದೀಪ ನೆಟ್ಟಗೆ ಉರಿಯುತ್ತಿತ್ತು.

"ನಲ್ಲೀಲಿ ನೀರು ಬಂತು." ನಾದಿನಿಯ ದನಿ. "ಕೊಡ ತುಂಬಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಮಿಸುಕಾಡಿದ್ಯೋ, ಕಾಲು ಮುರೀತೀನಿ ನೋಡು!"

ಬಿದ್ದುಹೋದ ಕಾಲಿನವನಿಗೆ ಆಡುವ ಮಾತೇ ಇದು! ಮುಂಬಾಗಿಲು ಎಳೆದುಕೊಂಡ ಸದ್ದಾಯಿತು. ಹೋದಳು. ದೀಪ ಹಾಗೇ ಇತ್ತು. ಇವತ್ತು ಇವಳ ಕೈಗೆ ಅದು ಸಿಕ್ಕುವುದಿಲ್ಲ. ಅವಳು ಕಣ್ಣು ಮುಚ್ಚಿದಳು. ದೇವರೇ, ಇದೊಂದನ್ನು ಉಳಿಸಿಕೊಡು, ಇನ್ನೇನೂ ಬೇಡುವುದಿಲ್ಲ.

ಒಳಗೆ ಏನೋ ಕಿರುಗುಟ್ಟಿತು.

ನೆಲದ ಮೇಲೆ ಏನನ್ನೋ ಎಳೆದಂತಾಯಿತು. ನಿಂತಿತು. ಮತ್ತೆ ಎಳೆದಂತಾಯಿತು, ಇನ್ನೂ ಹತ್ತಿರದಲ್ಲಿ. ಮನೆಯಲ್ಲಿ ಯಾರಿದ್ದಾರೆ? ಪುಟ್ಟಿ ನಲ್ಲಿಯ ಹತ್ತಿರ. ಅವನು...

ಗೂಡಿನ ಪಕ್ಕ, ಬೆಳಿಗ್ಗೆ ಉಜ್ಜಿದ ಜಾಗದಲ್ಲೇ, ಒಂದು ಅಂಗೈ ಬಂದು ಊರಿತು. ಎಡಗೈ. ಅದರ ಹಿಂದೆ ಬೆವರಿಳಿಯುವ ಒಂದು ಮುಖ, ಗುಡ್ಡ ಹತ್ತಿ ಬಂದವನಂತೆ ಬಾಯಿ ತೆರೆದು ಏದುತ್ತ, ದೀಪಕ್ಕೆ ತೀರ ಸಮೀಪ. ಉರಿ ಒಮ್ಮೆ ಬಾಗಿತು, ಎದ್ದಿತು, ಮತ್ತೆ ಬಾಗಿತು. ಆರಿತು. ಹೊಗೆಯ ಎಳೆಯೊಂದು ಮೇಲೆದ್ದಿತು.

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಮೊಣಕೈ ತಾಗಿ ಹಿಂದೆ ತಟ್ಟೆಯೊಂದು ಸದ್ದು ಮಾಡಿತು.

"ಬಂದ್ಯಾ ಪುಟ್ಟೀ?" ನಿಂತಲ್ಲಿಂದಲೇ ಅವನು ತೊದಲಿದ. "ಇ... ಇವತ್ತೂ ಉಸಿರು ತಾಗ್ಬಿಡ್ತು ಕಣೇ. ನಿನ್ನತ್ತಿಗೆ ಬರೋದ್ರೊಳಗೆ ಒಂದು ಕಡ್ಡಿ ಗೀರು ಬಾ."