ಜೋಗಪ್ಪನವರ ಆಂಪ್ಲಿಫೈಯರ್

“ಮುಚ್ಚಳ ತೆಗೀರಿ ಅಕ್ಕಾರೆ, ಒಳಗಿನ ವಾಲ್ವ್ ನೋಡಬೇಕು,” ಎಂದರು ಗಾದಿಲಿಂಗಪ್ಪ ಮೇಷ್ಟ್ರು, ಜೋಗಪ್ಪನವರ ಹೆಂಡತಿ ಕೆಂಚಕ್ಕ ಕೊಟ್ಟ ನೀರಿನ ಚೊಂಬನ್ನು ಕೆಳಗಿಡುವ ಮೊದಲೇ.

ಕೂಡ್ಲಿಗಿಯಿಂದ ಎರಡು ಬಸ್ಸು ಬದಲಿಸಿ ಹಲವಾಗಲಿಗೆ ಬರುವಾಗ ಅನುಮಾನವೂ ಅವರ ಪಕ್ಕದಲ್ಲೇ ಕೂತು ಬಂದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಉಳಿದ ಹೊತ್ತನ್ನೆಲ್ಲ ಅವರು ತಮ್ಮ ಹವ್ಯಾಸಿ ರೇಡಿಯೊದ ಮುಂದೆ ಕಳೆಯುವವರು. ತಾವೇ ಕಟ್ಟಿದ ಸೆಟ್ಟಿನ ದನಿ ದೂರದೇಶ ಮುಟ್ಟುವಷ್ಟರಲ್ಲಿ ಸೊರಗುತ್ತಿತ್ತು. ಅದನ್ನು ಹತ್ತು ಪಟ್ಟು ಮಾಡುವ ದೊಡ್ಡ ಆಂಪ್ಲಿಫೈಯರ್ ಹಚ್ಚಲು ಲೈಸೆನ್ಸೇನೋ ಬಂದಿತ್ತು. ಆದರೆ ಹೋದ ವರ್ಷ ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಸತ್ತ ವಾಲ್ವುಗಳ, ಅಂದರೆ ದನಿ ಹಿಗ್ಗಿಸುವ ಗಾಜಿನ ಬುರುಡೆಗಳ, ಮೇಲೆ ಕಂಪನಿಯ ಹೊಸ ಅಚ್ಚು ಹೊಡೆದು ಕೊಟ್ಟಿದ್ದ. ಎರಡನೇ ದಿನಕ್ಕೇ ಮನೆಯೆಲ್ಲ ಸುಟ್ಟ ವಾಸನೆ.

ಈಗಿನದು ಗೆಳೆಯ ಜೋಗಪ್ಪನವರದು. ಮೂರು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಇಬ್ಬರೂ ರೇಡಿಯೊದಲ್ಲಿ ಮೋರ್ಸ್ ಕೀಯ ಕಟಕಟ ಸಂಕೇತ ಕುಟ್ಟಿಕೊಂಡೇ ಮಾತಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಮೇಷ್ಟ್ರು “ಬರ್ತೀನಿ” ಎಂದಾಗಲೆಲ್ಲ ಆ ಕಡೆಯಿಂದ ಏನಾದರೊಂದು ನೆಪ. ಹೋದ ವಾರ ಇದ್ದಕ್ಕಿದ್ದಂತೆ, ‘ಆಂಪ್ಲಿಫೈಯರ್ ಕೊಡುತ್ತೇನೆ, ಬಂದು ನೋಡಿ’ ಎಂದು ಸುದ್ದಿ. ಯಾಕೆ ಎಂದು ಕೇಳಿದರೆ, ‘ಬಂದ ಮೇಲೆ ಹೇಳುತ್ತೇನೆ’.

“ಜೋಗಪ್ಪನವರು ಎಲ್ಲಿ?”

“ಇಲ್ರಿ,” ಎಂದಳು ಕೆಂಚಕ್ಕ.

“ಯಾವಾಗ ಬರ್ತಾರ?”

ಅವಳು ಆಂಪ್ಲಿಫೈಯರಿನ ಕಡೆ ತಿರುಗಿದಳು. ಪ್ಲಗ್ ಕಿತ್ತು ಮುಚ್ಚಳ ತೆಗೆದಳು. ಕೋಲಿಗೆ ಕಟ್ಟಿದ ತಂತಿಯಿಂದ ಒಳಗೊಂದು ಕಡೆ ಮುಟ್ಟಿಸಿ, ಉಳಿದಿದ್ದ ಕರೆಂಟನ್ನು ಚಟ್ಟೆಂದು ಇಳಿಸಿದಳು. ಎಡಗೈ ಬೆನ್ನ ಹಿಂದೆಯೇ ಇತ್ತು. ಎರಡು ಸಾವಿರ ವೋಲ್ಟಿನ ಮುಂದೆ ಎರಡೂ ಕೈ ಚಾಚಬಾರದೆಂದು ಬಲ್ಲವರ ರೀತಿ ಅದು. ಮೇಷ್ಟ್ರಿಗೆ ಸಮಾಧಾನವಾಗುವ ಬದಲು ಅನುಮಾನ ಇನ್ನೊಂದು ಮೆಟ್ಟಿಲು ಹತ್ತಿತು. ಇಷ್ಟೆಲ್ಲ ಬಲ್ಲ ಹೆಂಗಸು ಗಂಡನಿಗೆ ತಿಳಿಯದಂತೆ ಇದನ್ನು ಸಾಗಹಾಕುತ್ತಿದ್ದಾಳೋ ಏನೋ. ವಾಲ್ವುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಅಚ್ಚನ್ನು ಉಗುರಿನಿಂದ ಕೆರೆದು ನೋಡಿದರು. ಅಚ್ಚು ಅಳಿಸಲಿಲ್ಲ.

“ಅವರ ಸಹಿ ಇಲ್ದ ನಾನಿದನ್ನ ಒಯ್ಯಂಗಿಲ್ಲ. ನಾಳೆ ಯಾರಾದ್ರೂ ಕಳವಿನ ಮಾಲು ಅಂದ್ರ?”

“ಮೊದ್ಲು ಓಡಿಸಿ ನೋಡ್ರಿ. ಆಮ್ಯಾಲೆ ಸಹಿ ಮಾತು.”

ವಾಲ್ವುಗಳನ್ನು ಮತ್ತೆ ಕೂರಿಸಿ, ಪ್ಲಗ್ ಚುಚ್ಚಿ, ದನಿ ಹೊರಗೆ ಹೋಗದಂತೆ ಏರಿಯಲ್ ತಂತಿಯ ಬದಲು ಎರಡು ದೊಡ್ಡ ಬಲ್ಬು ಜೋಡಿಸಿ ಅವಳು ಸ್ವಿಚ್ ಒತ್ತಿದಳು. ವಾಲ್ವುಗಳು ಕೆಂಪಗಾಗುವವರೆಗೆ ಕಾದಳು. ಗುಂಡಿ ತಿರುಗಿಸಿ ಮೀಟರಿನ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದಳು. ಮೇಷ್ಟ್ರು ಕೀ ಒತ್ತಲು ಮುಂದೆ ಬರುವಷ್ಟರಲ್ಲಿ ಅವಳ ಬೆರಳೇ ಅದರ ಮೇಲಿತ್ತು. ಬಲ್ಬುಗಳು ಮಿನುಗಿದವು. ಮೇಷ್ಟ್ರಿಗೆ ಅಕ್ಷರಗಳು ತಾವಾಗಿಯೇ ಕೇಳತೊಡಗಿದವು: ‘ಗುಡ್ ಮಾರ್ನಿಂಗ್ ಗಾದಿ’. ಕೊನೆಯ ಅಕ್ಷರಕ್ಕೆ ಮುಂಚೆ, ಏನೋ ನೆನಪಾದವರ ಹಾಗೆ, ಒಂದು ಚೂರು ತಡೆದ ಕೈ.

ಬರವಣಿಗೆಯಂತೆಯೇ ಕೀ ಒತ್ತುವ ಕೈಯನ್ನೂ ಬಲ್ಲವರು ಗುರುತು ಹಿಡಿಯುತ್ತಾರೆ. ಈ ಕೈಯನ್ನು ಅವರು ದಿನಾ ಬೆಳಿಗ್ಗೆ ಕೇಳುತ್ತಿದ್ದರು. ನಿನ್ನೆಯೂ ಕೇಳಿದ್ದರು.

“ಯಾವಾಗಿಂದ?” ಎಂದರು.

“ಅವ್ರು ಹೋಗಿ ಎರಡು ದೀಪಾವಳಿ ಆದ್ವು ರಿ. ಎದಿನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ.”

“ಸತ್ತವರ ಲೈಸೆನ್ಸಿನ ಮ್ಯಾಲೆ ಇಷ್ಟು ದಿನ... ನನಗ ಮೋಸ ಮಾಡಿದ್ರಲ್ಲ ಅಕ್ಕಾರೆ!”

“ಹೌದ್ರಿ,” ಎಂದಳು, ತಲೆ ತಗ್ಗಿಸದೆ. “ಕಲಿಸಿದವ್ರು ಅವರ. ಚಮಚಾದಿಂದ ಲೋಟ ಬಡಿದು ಬಡಿದು ಕಲಿಸಿದ್ರು, ಕೈನೂ ಅವರಂಗ ಬಂತು. ಅವ್ರು ಹೋದ ಹದಿನೈದನೇ ದಿನಕ್ಕ, ನಿಮಗೊಂದು ಮಾತು ಹೇಳಬೇಕು ಅಂತ ಕೀ ಹಿಡಿದೆ. ನಾನು ಹೇಳೋದ್ರಾಗ ನೀವು, ‘ಬಂದ್ರಾ ಜೋಗಪ್ಪ, ಎಲ್ಲಿ ಹೋಗಿದ್ರಿ’ ಅಂದ್ರಿ. ಊರಿಗೆಲ್ಲ ಅವ್ರು ಇರಲಿಲ್ಲ. ನಿಮಗ ಇದ್ರು. ಹೇಳಾಕ ಕೈ ಬರಲಿಲ್ಲ ರಿ.”

ಮೇಷ್ಟ್ರು ಸಿಟ್ಟಿನಿಂದ ಎದ್ದವರು ಬಾಗಿಲವರೆಗೆ ಹೋಗಿ ನಿಂತರು. ಹೋದ ಶ್ರಾವಣದಲ್ಲಿ ತಮ್ಮ ತಾಯಿ ತೀರಿಕೊಂಡಾಗ ಮನೆಯ ಜನರೆದುರು ಅಳಲಾಗದೆ, ಬೆಳಿಗ್ಗೆ ಏಳಕ್ಕೆ ಕೀ ಮುಂದೆ ಕೂತು ಒಂದು ತಾಸು ಏನೇನೋ ಕುಟ್ಟಿದ್ದರು. ಆ ಕಡೆಯವರು ನಡುವೆ ಒಂದು ಮಾತೂ ಆಡದೆ ಕೇಳಿಸಿಕೊಂಡು, ಕೊನೆಗೆ ‘ನಾಳೆನೂ ಬರ್ರಿ’ ಎಂದಷ್ಟೇ ಹೇಳಿದ್ದರು.

“ನಮ್ಮವ್ವ ಹೋದಾಗ...?”

“ನಾನ ರಿ.”

ಅವರು ತಿರುಗಿ ಬಂದು ಕೂತರು. ಕೆಂಚಕ್ಕ ಗೂಡಿನಿಂದ ಒಂದು ಲಕೋಟೆ ತಂದಳು. ಬೆಂಗಳೂರಿಗೆ ಹೋಗಿ ಪರೀಕ್ಷೆ ಕಟ್ಟಿ, ಅವಳದೇ ಹೆಸರಿಗೆ ಬಂದ ಲೈಸೆನ್ಸು.

“ಕೆಳಗಿನ ದರ್ಜೆ ರಿ. ಇಷ್ಟು ದೊಡ್ಡದು ನಾನು ಹಚ್ಚಂಗಿಲ್ಲ, ಅದಕ್ಕ ಕೊಡ್ತಿರೋದು. ಸೋಮವಾರದಿಂದ ರೇಡಿಯೊದಾಗ ನನ್ನದ ಕರೆಹೆಸರು, ಸರ್ಕಾರ ಕೊಟ್ಟದ್ದು. ಅವರದು ನಿನ್ನೆಗೇ ಮುಗೀತು.”

ಮೇಷ್ಟ್ರು ಆ ಕಾಗದವನ್ನು ಓದಿದರು. ಅದರ ಮೊಹರನ್ನು ಕೆರೆದು ನೋಡಬೇಕೆನಿಸಲಿಲ್ಲ. ಆಮೇಲೆ ಆಂಪ್ಲಿಫೈಯರಿನ ಮುಚ್ಚಳವನ್ನು ತಾವೇ ಕೂರಿಸಿ, ತಿರುಪು ಬಿಗಿದು, ಹಗ್ಗ ಕೇಳಿ ಕಟ್ಟಿದರು.

“ಇದನ್ನ ಹಚ್ಚಿದೆ ಅಂದ್ರ, ಕೂಡ್ಲಿಗಿಯಿಂದ ನನ್ನ ದನಿ ನಿಮ್ಮ ಕಿವಿ ಒಡೆಯಂಗ ಬರ್ತೈತಿ ನೋಡ್ರಿ,” ಎಂದು ನಗಲು ನೋಡಿದರು.

“ನಿಮ್ಮದು ಮೊದಲಿಂದಾನೂ ಕೇಳ್ತೈತ್ರಿ ಮೇಷ್ಟ್ರೇ,” ಎಂದಳು ಕೆಂಚಕ್ಕ. “ಈ ಪೆಟ್ಟಿಗಿಗೆ ಹೇಳಾಕಷ್ಟ ಬರ್ತೈತಿ, ಕೇಳಾಕ ಬರಂಗಿಲ್ಲ. ಇನ್ನ ಮ್ಯಾಲೆ ಇದಿಲ್ದ ನನ್ನದು ಭಾಳ ಸಣ್ಣ ದನಿ. ಸೋಮವಾರ ಚೂರು ಕಿವಿಗೊಟ್ಟು ಕೇಳ್ರಿ.”